ಫ್ಯಾಮಿಲಿ ರೂಮಿನ ಪರದೆ

ಮೊನ್ನೆ ಧಾರವಾಡದಲ್ಲಿ ಎರಡು ದಿನದ ತರಬೇತಿ ಮುಗಿಸಿಕೊಂಡು ನಾವು ಆರು ಜನ ಶಿಕ್ಷಕಿಯರು ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಮರಳಿದಾಗ ಮಧ್ಯಾಹ್ನ ಎರಡು ದಾಟಿತ್ತು. ಮನೆಗೆ ಹೋಗಿ ಮತ್ತೆ ಒಲೆ ಹಚ್ಚುವ ಉಮೇದು ಯಾರಿಗೂ ಇರಲಿಲ್ಲ. ಹತ್ತಿರದ ಒಂದು ಖಾನಾವಳಿ ಹೊಕ್ಕು ನಟ್ಟನಡುವಿನ ಟೇಬಲ್ಲಿಗೇ ಕೂತೆವು. ಹುಡುಗನೊಬ್ಬ ನೀರಿಟ್ಟು, "ರೊಟ್ಟಿ ಊಟಾನೋ ಚಪಾತಿ ಊಟಾನೋ ಅಕ್ಕಾರ?" ಎಂದು ಕೇಳಿದ. ಅಷ್ಟೆ. ಸುತ್ತ ಕೂತಿದ್ದ ಗಂಡಸರು ತಲೆಯೆತ್ತಿ ನೋಡಲಿಲ್ಲ. ಜೊತೆಗಿದ್ದ ಚಿಕ್ಕ ವಯಸ್ಸಿನ ಶಿಕ್ಷಕಿಯರಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ನನಗೆ ಮಾತ್ರ ತುತ್ತು ಒಂದು ಗಳಿಗೆ ಕೈಯಲ್ಲೇ ನಿಂತಿತು. "ಫ್ಯಾಮಿಲಿ ರೂಮ್ ಆ ಕಡೆ ಐತ್ರಿ" ಎಂದು ಯಾರೂ ಅನ್ನಲಿಲ್ಲವಲ್ಲ ಎಂದು ನೆನಪಾಯಿತು.

ಆಗ ನನಗೆ ಎಂಟು ವರ್ಷ, 1976ರ ಮಾತು. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಗುಮಾಸ್ತರಾಗಿದ್ದರು. ದೀಪಾವಳಿಯ ಬಟ್ಟೆ ಖರೀದಿಗೆಂದು ಅಪ್ಪ, ಅವ್ವ, ಅಣ್ಣ ಮತ್ತು ನಾನು ದುರ್ಗದಬೈಲಿಗೆ ಬಂದಿದ್ದೆವು. ಅಂಗಡಿಯಿಂದ ಅಂಗಡಿಗೆ ತಿರುಗಿ ಕಾಲು ಸೋತಿದ್ದವು. ಅವ್ವ ಬೆಳಿಗ್ಗೆ ಒಂದು ಕಪ್ಪು ಚಹಾ ಕುಡಿದು ಹೊರಬಿದ್ದವಳು. "ಇವತ್ತು ಹೊರಗೇ ಉಣ್ಣೂಣು" ಎಂದು ಅಪ್ಪ ಹೇಳಿದಾಗ ಅವಳ ಮುಖ ಅರಳಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಆ ಹೋಟೆಲಿನ ಫ್ಯಾಮಿಲಿ ರೂಮುಗಳೆಲ್ಲ ತುಂಬಿದ್ದವು. ಹಾಲಿನಲ್ಲಿ ನಾಲ್ಕು ಖುರ್ಚಿ ಖಾಲಿ ಇದ್ದವು. ಗಲ್ಲಾದ ಮೇಲಿದ್ದವರು, "ಹೆಣ್ಮಕ್ಕಳನ್ನ ಹಾಲಿನಾಗ ಕುಂದ್ರಸೂದು ಬ್ಯಾಡ್ರೀ, ಮಂದಿ ಏನರ ಅಂತಾರ. ನೀವು ಉಂಡು ಬರ್ರಿ, ಅವರಿಗೆ ಕಟ್ಟಿಸಿ ಕೊಡೋಣು" ಎಂದರು. ಅಪ್ಪ ಒಂದು ಕ್ಷಣ ಅನುಮಾನಿಸಿದರು. "ಹೋಗ್ರಿ, ಹುಡುಗಗ ಹಸಿವಾಗೈತಿ" ಎಂದು ಅವ್ವನೇ ಕಳಿಸಿದಳು. ನಾವಿಬ್ಬರೂ ಮೆಟ್ಟಿಲ ಪಕ್ಕದ ಕಂಬಕ್ಕೆ ಒರಗಿ ನಿಂತೆವು. ಒಳಗಿನಿಂದ ಬರುತ್ತಿದ್ದ ಒಗ್ಗರಣೆಯ ವಾಸನೆಗೆ ನನ್ನ ಬಾಯಲ್ಲಿ ನೀರು. ಅಪ್ಪ ತಂದ ಪೊಟ್ಟಣವನ್ನು ಅವ್ವ ಬೀದಿಯಲ್ಲಿ ಬಿಚ್ಚಲಿಲ್ಲ. ಮನೆಗೆ ಒಯ್ದು ನಮಗಿಬ್ಬರಿಗೂ ಹಂಚಿ, "ನನಗ ಹಸಿವಿಲ್ಲ" ಎಂದಳು. ಆ ಮಾತನ್ನು ನಾನು ಬಹಳ ವರ್ಷ ನಂಬಿದ್ದೆ.

ನಮ್ಮ ಆಯಿಯ ಕಾಲಕ್ಕೆ ಈ ತಕರಾರೇ ಇರಲಿಲ್ಲ, ಏಕೆಂದರೆ ಹೊರಗೆ ದುಡ್ಡು ಕೊಟ್ಟು ಉಣ್ಣುವುದೇ ಅವಮಾನದ ಸಂಗತಿ. "ಮನ್ಯಾಗ ಬೇಯಿಸಿ ಹಾಕವ್ರು ಗತಿ ಇಲ್ಲದಾಂವ ಅಲ್ಲಿಗೆ ಹೋಗ್ತಾನ" ಎನ್ನುತ್ತಿದ್ದಳು. ಲಿಂಗಪೂಜೆಯಾಗದೆ ಬಾಯಲ್ಲಿ ನೀರು ಹಾಕದ ಹೆಂಗಸು ಅವಳು. ಪ್ರಯಾಣವೆಂದರೆ ಬುತ್ತಿ. ಎಂಟು ದಿನ ಇಟ್ಟರೂ ಕೆಡದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಕೆಂಪು ಖಾರ ಇಷ್ಟನ್ನು ಗಂಟು ಕಟ್ಟಿದರೆ ಪಂಢರಪುರದವರೆಗೂ ಚಿಂತೆಯಿಲ್ಲ. ಮನೆಯ ಹೊರಗೆ ಊಟ ಎಂದರೆ ಮದುವೆ, ಜಾತ್ರೆ, ಇಲ್ಲವೆ ಸಿದ್ಧಾರೂಢರ ಮಠದ ಪ್ರಸಾದ. ಅಲ್ಲಿ ಹೆಂಗಸರಿಗೆ ಸಂಕೋಚವಿರಲಿಲ್ಲ. ಅದು ದೇವರ ಅನ್ನ, ಬೆಲೆ ಕೊಟ್ಟದ್ದಲ್ಲ.

ಹಾಗಾದರೆ ಹೊರಗೆ ಉಣ್ಣುವವರು ನಮ್ಮೂರಲ್ಲಿ ಯಾವಾಗ ಹುಟ್ಟಿದರು? ಸಮಾಜ ವಿಜ್ಞಾನ ಕಲಿಸುವವಳಾದ ನನಗೆ ರೈಲಿನ ಹಳಿಗಳೇ ಇದಕ್ಕೆ ಉತ್ತರವಾಗಿ ಕಾಣುತ್ತವೆ. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಶುರುವಾಯಿತು. ಆ ದಶಕದಲ್ಲೇ ರೈಲು ನಮ್ಮ ಸೀಮೆಗೆ ಬಂತು, ಹುಬ್ಬಳ್ಳಿಯಲ್ಲಿ ವರ್ಕ್‌ಶಾಪು ಎದ್ದಿತು. ಹತ್ತಿಯ ವ್ಯಾಪಾರ, ಗಿರಣಿ, ಜಿನ್ನಿಂಗ್ ಕಾರಖಾನೆ ಬೆಳೆದವು. ಅತ್ತ ಧಾರವಾಡದಲ್ಲಿ ರೈಲ್ವೆಯ ಕಚೇರಿಯಾಗಿದ್ದ ದೊಡ್ಡ ಕಟ್ಟಡದಲ್ಲಿ ಕರ್ನಾಟಕ ಕಾಲೇಜು ನೆಲೆಯೂರಿತು. ಕಾಲೇಜು ಹುಟ್ಟಿದ್ದು 1917ರಲ್ಲಿ. ಹೀಗೆ ಒಂದು ಊರಿಗೆ ಕೂಲಿಕಾರರು, ಗುಮಾಸ್ತರು, ದಲಾಲರು ಬಂದರು. ಇನ್ನೊಂದು ಊರಿಗೆ ವಿದ್ಯಾರ್ಥಿಗಳು, ವಕೀಲರು ಬಂದರು. ಬಹುಪಾಲು ಹೆಂಡತಿ ಮಕ್ಕಳನ್ನು ಹಳ್ಳಿಯಲ್ಲಿ ಬಿಟ್ಟು ಬಂದ, ಇಲ್ಲವೆ ಇನ್ನೂ ಮದುವೆಯಾಗದ ಗಂಡಸರು. ಅವರ ಹೊಟ್ಟೆಗೆ ಯಾರು ಹಾಕಬೇಕು?

ಬಡ ವಿದ್ಯಾರ್ಥಿಗಳಿಗೆ ವಾರಾನ್ನವಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ಎಷ್ಟೋ ಮಂದಿ. ಕೈಯಲ್ಲಿ ನಾಲ್ಕು ಕಾಸು ಇದ್ದವರಿಗೆ ಖಾನಾವಳಿ. ಈ ಪದವನ್ನು ನಾವು ಮರಾಠಿ ಸೀಮೆಯೊಂದಿಗೆ ಹಂಚಿಕೊಂಡಿದ್ದೇವೆ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ಉಣಬಡಿಸುತ್ತಿದ್ದವೂ ಖಾನಾವಳಿಗಳೇ. ಅವುಗಳಲ್ಲಿ ಬಹಳಷ್ಟನ್ನು ನಡೆಸುತ್ತಿದ್ದವರು ಹೆಂಗಸರು, ತಮ್ಮದೇ ಚಿಕ್ಕ ಖೋಲಿಯ ಒಲೆಯ ಮುಂದೆ. ಅವರಿಗೆ ಬಡ್ಡಿಯ ಕಾಟ ತಪ್ಪಿಸಿ ಬ್ಯಾಂಕಿನ ಸಾಲ ಕೊಡಿಸಬೇಕೆಂದು ಪ್ರೇಮಾ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು.

ನಮ್ಮ ಓಣಿಯಲ್ಲೂ ಅಂಥ ಒಬ್ಬಾಕೆ ಇದ್ದಳು. ಎಲ್ಲರಿಗೂ ಅವಳು ಅತ್ತಿ. ಗಂಡ ತೀರಿಹೋದ ಮೇಲೆ ಮೈದುನರು ಹೊಲದ ಪಾಲು ಕೊಡದೆ ಕೈಬಿಟ್ಟಾಗ ಎರಡು ಮಕ್ಕಳನ್ನು ಕಟ್ಟಿಕೊಂಡು ಹುಬ್ಬಳ್ಳಿಗೆ ಬಂದವಳು. ಮುಂದಿನ ಕೋಣೆಯಲ್ಲಿ ಎರಡು ಚಾಪೆ, ಹಿಂದಿನದರಲ್ಲಿ ಒಲೆ. ಸೂರ್ಯ ಹುಟ್ಟುವ ಮುಂಚೆ ರೊಟ್ಟಿ ಬಡಿಯುವ ಸಪ್ಪಳ ಕೇಳಿ ಓಣಿ ಏಳುತ್ತಿತ್ತು. ಬಿಸಿ ರೊಟ್ಟಿ, ಎಣಗಾಯಿ ಇಲ್ಲವೆ ಜುಣಕ, ಕಾಳಿನ ಪಲ್ಯ, ಹಸಿ ಉಳ್ಳಾಗಡ್ಡಿ, ಹಿಂಡಿ, ಮಜ್ಜಿಗೆ. ತಿಂಗಳ ಲೆಕ್ಕದ ಹತ್ತಾರು ಜನ ಗಿರಾಕಿಗಳು. ಯಾರು ಎಷ್ಟು ಕೊಡಬೇಕೆಂಬುದನ್ನು ಅಕ್ಷರ ಬಾರದ ಅವಳು ಗೋಡೆಯ ಮೇಲೆ ಇದ್ದಿಲ ಗೆರೆಯಲ್ಲಿ ಬರೆದಿಡುತ್ತಿದ್ದಳು. ಅದೇ ಗೆರೆಗಳ ಮೇಲೆ ಮಗನನ್ನು ಮೆಟ್ರಿಕ್ ಓದಿಸಿದಳು. ಆದರೆ ಅವಳ ಬಗ್ಗೆ ಓಣಿಯ ಹೆಂಗಸರು ದನಿ ತಗ್ಗಿಸಿಯೇ ಮಾತಾಡುತ್ತಿದ್ದರು, ಪರಗಂಡಸರಿಗೆ ಉಣಬಡಿಸುವಾಕೆ ಎಂದು. ಹೊರಗೆ ಉಣ್ಣುವ ಗಂಡಸಿಗೆ ಇಲ್ಲದ ಮಾತು, ಉಣ್ಣಿಸುವ ಹೆಂಗಸಿಗೆ ಬರುತ್ತಿತ್ತು.

ಖಾನಾವಳಿಯ ಹಿಂದೆಯೇ ಕರಾವಳಿಯಿಂದ ಉಡುಪಿ ಹೋಟೆಲು ಬಂತು. ಇಡ್ಲಿ, ದೋಸೆ, ಕಾಫಿ ಎಂಬುವು ನಮ್ಮ ರೊಟ್ಟಿ ಸೀಮೆಗೆ ಹೊಸವು. ಇಂದು ಹುಬ್ಬಳ್ಳಿಯವರು ಬೆಳಗಾದರೆ ಇಡ್ಲಿ ವಡಾ ಇಲ್ಲದೆ ಇರಲಾರರು. ಊರ ರುಚಿಯನ್ನು ಊರಿಗೆ ಬಂದವರೇ ಕಟ್ಟುತ್ತಾರೆ ಅನ್ನುವುದಕ್ಕೆ ಧಾರವಾಡದ ಪೇಡೆಯೂ ಸಾಕ್ಷಿ. ಅದನ್ನು ಕೊಟ್ಟದ್ದು ಉತ್ತರ ಪ್ರದೇಶದ ಉನ್ನಾವದಿಂದ ಬಂದ ಠಾಕೂರ್ ಮನೆತನ.

ಈ ಹೋಟೆಲುಗಳ ಬಾಗಿಲು ಮೊದಮೊದಲು ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನು ಮರೆಯಬಾರದು. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಈಗ ಮಾವಳ್ಳಿ ಟಿಫಿನ್ ರೂಮ್ ಎಂದು ಹೆಸರಾದ ಹೋಟೆಲಿನ ಮೊದಲ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಅಂಥ ಹೆಸರುಗಳು ಆ ಕಾಲಕ್ಕೆ ಸಹಜವಾಗಿದ್ದವು. ರೈಲು ನಿಲ್ದಾಣಗಳಲ್ಲಿ ಹಿಂದೂ ನೀರು, ಮುಸಲ್ಮಾನ ನೀರು ಬೇರೆ ಬೇರೆ ಇದ್ದವು. ನಮ್ಮ ಸೀಮೆಯಲ್ಲಿ ಲಿಂಗಾಯತ ಖಾನಾವಳಿ ಎಂದು ಬೋರ್ಡು ಬರೆಸುವುದು ವಾಡಿಕೆಯಾಗಿತ್ತು. ಉಣ್ಣುವವನಿಗೆ ಅದು ಶುದ್ಧ ಶಾಕಾಹಾರದ ಭರವಸೆ. ಆದರೆ ಹೊರಗೆ ನಿಂತವನು ಅದೇ ಬೋರ್ಡನ್ನು ಬೇರೆ ರೀತಿ ಓದಿಕೊಳ್ಳುತ್ತಿದ್ದ.

ಸಂವಿಧಾನದ 15ನೆಯ ವಿಧಿ ಪಾಠ ಮಾಡುವಾಗ ನಾನು ಮಕ್ಕಳಿಗೆ ಒಂದು ಮಾತು ತಪ್ಪದೆ ತೋರಿಸುತ್ತೇನೆ. ಅಂಗಡಿ, ಬಾವಿ, ಕೆರೆ, ರಸ್ತೆಗಳ ಜೊತೆಗೆ ಹೋಟೆಲು, ಉಪಾಹಾರ ಗೃಹಗಳ ಹೆಸರೂ ಅಲ್ಲಿದೆ. ಜಾತಿ, ಧರ್ಮದ ಜೊತೆಗೆ ಲಿಂಗದ ಕಾರಣಕ್ಕೂ ಯಾರನ್ನೂ ತಡೆಯುವಂತಿಲ್ಲ ಎಂದಿದೆ. ದೇಶದ ದೊಡ್ಡ ಗ್ರಂಥದಲ್ಲಿ ಚಹಾದಂಗಡಿಗೇಕೆ ಜಾಗ ಎಂದು ಮಕ್ಕಳು ನಗುತ್ತವೆ. ಆಗ ನಾನು 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯ ಬಗ್ಗೆ ಹೇಳುತ್ತೇನೆ. ನನ್ನ ಸಹೋದ್ಯೋಗಿಯೊಬ್ಬರು ಹೇಳಿದ್ದನ್ನೂ ಹೇಳುತ್ತೇನೆ. ಅವರ ತಂದೆ ತಮ್ಮ ಹಳ್ಳಿಯ ಚಹಾದಂಗಡಿಯಲ್ಲಿ ಸೂರಿನ ಕೆಳಗೆ ಸಿಕ್ಕಿಸಿಟ್ಟ ಬೇರೆ ಕಪ್ಪು ತೆಗೆದುಕೊಂಡು, ಹೊರಗೇ ಕುಳಿತು ಕುಡಿದು, ತಾವೇ ತೊಳೆದು ಇಡಬೇಕಿತ್ತಂತೆ. ಕಾಯಿದೆ ಬಂದು ಇಪ್ಪತ್ತು ವರ್ಷವಾದ ಮೇಲಿನ ಮಾತು ಅದು. ಅದನ್ನು ಕೇಳಿದ ದಿನ, ಮೆಟ್ಟಿಲ ಬಳಿ ನಿಂತ ನನ್ನ ಅವ್ವನ ಹಸಿವಿಗೆ ದೊಡ್ಡ ಅಕ್ಕ ಒಬ್ಬಳಿದ್ದಾಳೆ ಎನ್ನಿಸಿತು. ಅವ್ವನಿಗೆ ಪೊಟ್ಟಣವಾದರೂ ಮರ್ಯಾದೆಯಿಂದ ಸಿಕ್ಕಿತ್ತು.

ಇನ್ನು ಫ್ಯಾಮಿಲಿ ರೂಮು. ಅರ್ಧ ಬಾಗಿಲು ಇಲ್ಲವೆ ಮಾಸಿದ ಪರದೆ, ಒಳಗೆ ನಾಲ್ವರಿಗಾಗುವಷ್ಟು ಜಾಗ, ಗೊರ್ ಎನ್ನುವ ಒಂದು ಫ್ಯಾನು. ನಿಮ್ಮಲ್ಲಿ ಐವತ್ತು ದಾಟಿದವರಿಗೆಲ್ಲ ಅದರ ನೆನಪಿದ್ದೀತು. ಅದನ್ನು ಬರೀ ಹಳಿಯಲು ನನಗೆ ಮನಸ್ಸಾಗುವುದಿಲ್ಲ. ಹೆಂಗಸರು ಹೋಟೆಲಿಗೇ ಬಾರದ ಕಾಲದಲ್ಲಿ ಅದು ಒಂದು ದಾರಿ ಮಾಡಿಕೊಟ್ಟಿತು. ಸೆರಗು ಸರಿಪಡಿಸಿಕೊಳ್ಳದೆ ನಿರಾಳವಾಗಿ ದೋಸೆ ಮುರಿಯಬಹುದಿತ್ತು, ಕೂಸಿಗೆ ಹಾಲೂಡಿಸಬಹುದಿತ್ತು. ಆದರೆ ಅದು ಫ್ಯಾಮಿಲಿಯ ರೂಮು, ಹೆಣ್ಣಿನ ರೂಮಲ್ಲ. ಜೊತೆಗೆ ಗಂಡನೋ ಅಣ್ಣನೋ ಇದ್ದರೆ ಮಾತ್ರ ನಾವು ಫ್ಯಾಮಿಲಿ. ಲಂಡನ್ನಿನಲ್ಲಿ ಏರೇಟೆಡ್ ಬ್ರೆಡ್ ಕಂಪನಿ 1864ರಲ್ಲೇ ಚಹಾದಂಗಡಿ ತೆರೆಯಿತು. 1894ರಲ್ಲಿ ಲಯನ್ಸ್ ಕಂಪನಿಯ ಅಂಗಡಿಗಳು ಬಂದವು. ಮರ್ಯಾದಸ್ಥ ಹೆಣ್ಣುಮಗಳು ಒಬ್ಬಳೇ ಹೋಗಿ ಕೂರಬಹುದಾದ ಜಾಗಗಳು ಅವು. ಮತದಾನದ ಹಕ್ಕಿಗಾಗಿ ಹೋರಾಡಿದ ಹೆಂಗಸರು ಇಂಥ ಚಹಾದಂಗಡಿಗಳಲ್ಲಿ ಕೂಡಿ ಮಾತಾಡುತ್ತಿದ್ದರು. ನಮ್ಮ ಧಾರವಾಡದಲ್ಲೂ ಚಹದ ಜೊತೆಗೆ ದೊಡ್ಡ ದೊಡ್ಡ ವಿಚಾರಗಳು ಹುಟ್ಟಿದವು. 1933ರಲ್ಲಿ ಜಿ. ಬಿ. ಜೋಶಿಯವರು ಕಟ್ಟಿದ ಮನೋಹರ ಗ್ರಂಥಮಾಲೆಯ ಅಟ್ಟ ಅದಕ್ಕೆ ಹೆಸರುವಾಸಿ. ಗಂಡಸರಿಗೆ ಅಟ್ಟವೂ ಇತ್ತು, ಹೋಟೆಲೂ ಇತ್ತು. ಹೆಂಗಸರು ಕೂಡುತ್ತಿದ್ದದ್ದು ನಳದ ಹತ್ತಿರ, ಗುಡಿಯ ಕಟ್ಟೆಯ ಮೇಲೆ. ಕೈಯಲ್ಲಿ ಕೊಡ ಇಲ್ಲವೆ ಆರತಿ ತಟ್ಟೆ ಇದ್ದೇ ಇರಬೇಕು, ಸುಮ್ಮನೆ ಕೂರುವಂತಿಲ್ಲ.

1965ರಲ್ಲಿ ದೇಶಕ್ಕೆ ಧಾನ್ಯದ ಕೊರತೆ ಬಂದಾಗ ಶಾಸ್ತ್ರೀಜಿಯವರು ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ಕರೆ ಕೊಟ್ಟರು. ಸೋಮವಾರ ರಾತ್ರಿ ಹೋಟೆಲುಗಳು ಬಾಗಿಲು ಹಾಕಿದವು. ಅವ್ವ ಇದನ್ನು ನೆನೆದು ನಗುತ್ತಿದ್ದಳು: "ಅವತ್ತು ಹಾಟೇಲ ಮಂದಿಯೆಲ್ಲಾ ಮನಿಗೆ ಬಂದ್ರು. ನಮಗ ಒಂದು ಹೊತ್ತು ಉಪವಾಸನೂ ಆತು, ಹತ್ತು ರೊಟ್ಟಿ ಹೆಚ್ಚಿಗೆ ಬಡಿಯೂದೂ ಆತು."

1990ರಲ್ಲಿ ನಾನು ಧಾರವಾಡದಲ್ಲಿ ಬಿ.ಇಡಿ. ಓದುತ್ತಿದ್ದೆ. ಪಾಠ ಬೋಧನೆಯ ಪರೀಕ್ಷೆ ಮುಗಿದ ದಿನ ನಾವು ಮೂವರು ಗೆಳತಿಯರು ಧೈರ್ಯ ಮಾಡಿ ಒಂದು ಹೋಟೆಲಿನ ಹಾಲಿನಲ್ಲೇ ಕೂತು ಮಸಾಲೆ ದೋಸೆ ತಿಂದೆವು. ಗೋಡೆಗೆ ಮುಖ ಮಾಡಿ ಕೂತಿದ್ದೆವು, ಗಬಗಬನೆ ತಿಂದೆದ್ದೆವು, ರುಚಿ ನೆನಪಿಲ್ಲ. ನಮ್ಮ ಓಣಿಯ ಯಾರೋ ನೋಡಿ ಸುದ್ದಿ ಮುಟ್ಟಿಸಿದರು. ವಾರದ ಕೊನೆಗೆ ಮನೆಗೆ ಹೋದಾಗ ಎದೆ ಡವಗುಟ್ಟುತ್ತಿತ್ತು. ಅವ್ವ ಹಿತ್ತಲಲ್ಲಿ ಬಟ್ಟೆ ಹಿಂಡುತ್ತ ಬೆನ್ನು ಹಾಕಿಯೇ ಕೇಳಿದಳು: "ದ್ವಾಸಿ ಬಿಸಿ ಇತ್ತೇನು?"

"ಇತ್ತು" ಎಂದೆ. ಮತ್ತೇನೂ ಕೇಳಲಿಲ್ಲ.

ಆ ಪ್ರಶ್ನೆಯ ಅರ್ಥ ನನಗೆ ಮದುವೆಯಾದ ಮೇಲೆ ತಿಳಿಯಿತು. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಹೆಂಗಸಿಗೆ ಬಿಸಿ ಎಂಬುದು ಒಲೆಯ ಗುಣ, ತಾಟಿನದಲ್ಲ. ಅವ್ವನಿಗೆ ಹೋಟೆಲಿನ ಆಸೆ ಇದ್ದದ್ದು ನಾಲಿಗೆಯ ಚಪಲದಿಂದಲ್ಲ. ತಾನು ಕೂತಿರಬೇಕು, ಯಾರಾದರೂ ತಂದು ತನ್ನ ಮುಂದೆ ಬಿಸಿಯದನ್ನು ಇಡಬೇಕು, ಅಷ್ಟೇ ಅವಳ ಕನಸು.

ಅದು ಕೈಗೂಡಿದ್ದು 2003ರಲ್ಲಿ. ಹುಬ್ಬಳ್ಳಿ ನೈಋತ್ಯ ರೈಲ್ವೆಯ ಕೇಂದ್ರವಾದ ವರ್ಷ. ನಿವೃತ್ತರಾಗಿದ್ದ ಅಪ್ಪನಿಗೆ ಆ ಖುಷಿ. "ಎಲ್ಲಾರೂ ಹೊರಗ ಉಣ್ಣೂಣು" ಎಂದರು. ಖಾನಾವಳಿಯೊಂದಕ್ಕೆ ಹೋದಾಗ ನಾನು ಅಭ್ಯಾಸಬಲದಿಂದ ಮೂಲೆ ಹುಡುಕಿದೆ. ಅವ್ವ, "ಇಲ್ಲೇ ಕುಂದ್ರೂಣು" ಎಂದು ಬೀದಿ ಕಾಣುವ ಟೇಬಲ್ಲಿಗೆ ಕೂತಳು. ಹೊಟ್ಟೆಯುಬ್ಬಿದ ಬಿಸಿ ರೊಟ್ಟಿ ಬಂತು, ಎಣಗಾಯಿ ಬಂತು. ನಿಧಾನವಾಗಿ, ಎರಡೂವರೆ ರೊಟ್ಟಿ ಉಂಡಳು. ಕೈ ತೊಳೆಯಲು ಎದ್ದವಳು ಬಹಳ ಹೊತ್ತು ಬರಲಿಲ್ಲವೆಂದು ನೋಡಹೋದರೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಮೂವರು ಹೆಂಗಸರು ಹೊಗೆಯಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದರು. "ಛಲೋ ಇತ್ತವಾ ರೊಟ್ಟಿ. ನೀವು ಉಂಡ್ರೇನು?" ಎಂದು ಅವ್ವ ಕೇಳುತ್ತಿದ್ದಳು. ಅವರಲ್ಲೊಬ್ಬಾಕೆ ಹಣೆಯ ಬೆವರನ್ನು ಮೊಣಕೈಯಿಂದ ಒರೆಸಿಕೊಂಡು ನಕ್ಕಳು. "ಇನ್ನ ಇಲ್ಲ ಯವ್ವಾ, ಗಿರಾಕಿ ಮುಗೀಲಿ."

ಅವ್ವ ಈಗಿಲ್ಲ. ಫ್ಯಾಮಿಲಿ ರೂಮಿನ ಪರದೆಗಳೂ ಬಹುಮಟ್ಟಿಗೆ ಹೋದವು. ಸ್ವಸಹಾಯ ಸಂಘದ ಹೆಂಗಸರು ತಾವೇ ರೊಟ್ಟಿ ಕೇಂದ್ರ ನಡೆಸಿ ಖಡಕ್ ರೊಟ್ಟಿಯನ್ನು ಪೊಟ್ಟಣ ಕಟ್ಟಿ ಮಾರುತ್ತಾರೆ. ಅವರ ಲೆಕ್ಕ ಇದ್ದಿಲ ಗೆರೆಯಲ್ಲಿಲ್ಲ, ಬ್ಯಾಂಕಿನ ಪುಸ್ತಕದಲ್ಲಿದೆ. ಅತ್ತಿ ಇದ್ದಿದ್ದರೆ ಕಂಡು ಹಿಗ್ಗುತ್ತಿದ್ದಳು. ಮೊನ್ನೆ ಊಟ ಮುಗಿಸಿ ಗೆಳತಿಯರು ಬಿಲ್ಲಿನ ಲೆಕ್ಕ ಹಂಚುತ್ತಿರುವಾಗ ನಾನು ಮೆಲ್ಲನೆ ಎದ್ದು ಅಡುಗೆಮನೆಯ ಬಾಗಿಲಿಗೆ ಹೋದೆ. ಗಂಟೆ ಮೂರಾಗುತ್ತ ಬಂದಿತ್ತು. ಒಲೆಯ ಮುಂದೆ ಕೂತಿದ್ದ ಹೆಣ್ಣುಮಗಳಿಗೆ, "ಉಂಡಿ ಏನವಾ?" ಎಂದೆ.

"ಇನ್ನ ಇಲ್ರೀ ಅಕ್ಕಾರ" ಎಂದಳು.