ಬೆಂಗಳೂರಿನ ಹೆಸರಿನ ಗೊಬ್ಬರ

ಕೃಷಿ ಪಠ್ಯಗಳಲ್ಲಿ ಇಂದಿಗೂ 'ಬೆಂಗಳೂರು ವಿಧಾನ' ಎಂಬ ಪಾಠವಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಚಾರ್ಯ ಎಂಬ ವಿಜ್ಞಾನಿ 1939ರಲ್ಲಿ ಅದಕ್ಕೆ ರೂಪ ಕೊಟ್ಟರು. ಮೀಟರಿನಷ್ಟು ಆಳದ ಗುಂಡಿ ತೋಡಿ, ಪಟ್ಟಣದ ಕಸವನ್ನೂ ಮಲವನ್ನೂ ಪದರ ಪದರವಾಗಿ ಹರಡಿ, ಮೇಲೆ ಮಣ್ಣು ಮೆತ್ತಿಬಿಟ್ಟರೆ ಆರೆಂಟು ತಿಂಗಳಲ್ಲಿ ಗೊಬ್ಬರ ಸಿದ್ಧ. ಅದಕ್ಕೂ ಮೊದಲು ಇಂದೋರಿನಲ್ಲಿ ಆಲ್ಬರ್ಟ್ ಹೊವಾರ್ಡ್ ರೂಪಿಸಿದ್ದ ಕ್ರಮದಲ್ಲಿ ರಾಶಿಯನ್ನು ಮತ್ತೆ ಮತ್ತೆ ಮಗುಚಬೇಕಿತ್ತು, ನೀರು ಚಿಮುಕಿಸಬೇಕಿತ್ತು. ಇಲ್ಲಿ ಆ ಕೆಲಸವೂ ತಪ್ಪಿತು. ಹಳ್ಳಿಯ ಮನೆಗಳು ಸಗಣಿ, ಬೂದಿ, ಸಿಪ್ಪೆ, ದನ ತಿಂದು ಬಿಟ್ಟ ಮೇವನ್ನು ತಿಪ್ಪೆಗೆ ಸುರಿದು, ಕಲಗಚ್ಚನ್ನು ಎಮ್ಮೆಗೆ ಕುಡಿಸಿ, ಬೇಸಿಗೆಯಲ್ಲಿ ಗಾಡಿ ಕಟ್ಟಿ ಹೊಲಕ್ಕೆ ಗೊಬ್ಬರ ಹೊಡೆಯುತ್ತಿದ್ದ ಕ್ರಮವನ್ನೇ ವಿಜ್ಞಾನ ಪಟ್ಟಣದ ಅಳತೆಗೆ ಹಿಗ್ಗಿಸಿತ್ತು. ಇಂಥ ವಿದ್ಯೆಗೆ ಹೆಸರು ಕೊಟ್ಟ ಊರೇ 2012ರಲ್ಲಿ ಬೀದಿ ಬೀದಿಯಲ್ಲಿ ಕೊಳೆಯುವ ರಾಶಿಗಳ ನಡುವೆ ಮೂಗು ಮುಚ್ಚಿಕೊಂಡು ನಡೆಯಬೇಕಾಯಿತು. ಕೊರತೆಯಿದ್ದದ್ದು ವಿದ್ಯೆಗಲ್ಲ. ಕಸವನ್ನು ಬೇರೆ ಮಾಡುವ ಕೈ ಯಾರದಾಗಿರಬೇಕು ಎಂಬುದನ್ನು ನಗರ ಎಂದೂ ಪ್ರಾಮಾಣಿಕವಾಗಿ ತೀರ್ಮಾನಿಸಲಿಲ್ಲ.

1939ರ ಕಾಲದ ಕಸದಲ್ಲಿ ಪ್ಲಾಸ್ಟಿಕ್ ಇರಲಿಲ್ಲ, ಇಷ್ಟು ಜನವೂ ಇರಲಿಲ್ಲ, ಹೋಲಿಕೆ ಸಲ್ಲದು ಎನ್ನಬಹುದು. ಮಾತು ಅರ್ಧ ನಿಜ. ಆದರೆ ಇವತ್ತಿಗೂ ಮನೆಯಿಂದ ಹೊರಬೀಳುವ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಅಡುಗೆಮನೆಯದು, ಕೊಳೆತು ಮಣ್ಣಾಗುವಂಥದು. ಅದನ್ನು ಗೊಬ್ಬರ ಮಾಡಲೆಂದೇ 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿತು. ಅನ್ನದ ಜೊತೆ ಬ್ಲೇಡು, ಬ್ಯಾಟರಿ, ಹರಕು ಚೀಲ ಬೆರೆತು ಬಂದರೆ ಯಾವ ನಿಗಮ ತಾನೇ ಏನು ಮಾಡೀತು? ಗಾಜಿನ ಚೂರಿರುವ ಗೊಬ್ಬರವನ್ನು ಯಾವ ರೈತನೂ ಹೊಲಕ್ಕೆ ಹಾಕುವುದಿಲ್ಲ. ಬೆರೆತ ಕಸ ಲಾರಿ ಹತ್ತಿ ಮಾವಳ್ಳಿಪುರಕ್ಕೂ ಮಂಡೂರಿಗೂ ಹೋಯಿತು. ನಗರ ತಾನು ನೋಡಲಾರದ್ದನ್ನು ಆ ಹಳ್ಳಿಗಳ ಬಾವಿಗೆ, ಗಾಳಿಗೆ ಹೊರಿಸಿತು. ಅಲ್ಲಿನ ಜನ ಲಾರಿ ತಡೆದು ನಿಂತ ಮೇಲಷ್ಟೇ ಮನೆಯಲ್ಲೇ ಹಸಿ, ಒಣ ಎಂದು ವಿಂಗಡಿಸುವುದು ಕಡ್ಡಾಯವಾಯಿತು. 2015ರ ಕೊನೆಗೆ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಗೆ ಆದೇಶಿಸಿತು.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ, ಹಳೆಯದನ್ನು ಹಾಡಿ ಹೊಗಳುವವರು ಅದನ್ನು ದಾಟಿ ಹೋಗುವಂತಿಲ್ಲ. ಆ ಗುಂಡಿಗಳಿಗೆ ಮಲವನ್ನು ಹೊತ್ತು ತಂದವರು ಯಾರು? ಜಾತಿಯ ಕಾರಣಕ್ಕೇ ಆ ಕೆಲಸಕ್ಕೆ ಕಟ್ಟುಬಿದ್ದವರು. ಪುಸ್ತಕದಲ್ಲಿ ಅಚ್ಚುಕಟ್ಟಾಗಿ ಕಾಣುವ ಆ ಪದರಗಳಲ್ಲಿ ಅವರ ಅವಮಾನವೂ ಸೇರಿತ್ತು. 1970ರ ದಶಕದಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ್ದು ಈ ನಾಡಿನ ಕಸದ ಚರಿತ್ರೆಯಲ್ಲೇ ಅತಿ ದೊಡ್ಡ ಸುಧಾರಣೆ ಎಂದು ನಾನು ತಿಳಿಯುತ್ತೇನೆ. ಯಾವ ಕಾಂಪೋಸ್ಟ್ ವಿಧಾನವೂ ಅದಕ್ಕೆ ಸಮವಲ್ಲ. ಆದ್ದರಿಂದ 1939ಕ್ಕೆ ಮರಳಿ ಹೋಗಬೇಕೆಂಬ ವಾದ ನನ್ನದಲ್ಲ. ಆದರೆ ಆ ಆಕ್ಷೇಪವೇ ಇಂದಿನ ವಿಂಗಡಣೆಯ ಪರವಾಗಿ ನಿಲ್ಲುತ್ತದೆ. ಮನೆಯವರು ಬೆರೆಸಿ ಕೊಟ್ಟ ಕಸವೂ ಕೊನೆಗೆ ಯಾರದೋ ಬರಿಗೈಯಿಂದ ಬೇರೆಯಾಗಲೇಬೇಕು, ಪೌರಕಾರ್ಮಿಕರದೋ, ಬೀದಿಯಲ್ಲಿ ಕಸ ಆಯುವವರದೋ. ತೆರಿಗೆ ಕಟ್ಟುತ್ತೇವಲ್ಲ, ವಿಂಗಡಿಸುವುದು ಪಾಲಿಕೆಯ ಕೆಲಸ ಎನ್ನುವವರು ಆ ಕೈಗಳನ್ನು ಮರೆತು ಮಾತಾಡುತ್ತಾರೆ. ತೆರಿಗೆ ಸಾಗಣೆಯ ಖರ್ಚನ್ನು ಭರಿಸೀತು. ಕೊಳೆತ ಅನ್ನದೊಳಗೆ ಸೂಜಿ ಹುಡುಕುವ ಕೆಲಸವನ್ನು ಇನ್ನೊಬ್ಬರ ಮೇಲೆ ಹೇರುವ ಹಕ್ಕನ್ನು ಅದು ಕೊಡುವುದಿಲ್ಲ. ಈ ಆಯುವವರನ್ನು ಬೆಂಗಳೂರು ದಶಕಗಳ ಕಾಲ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಪಾಲಿಕೆ ಅವರಿಗೆ ಗುರುತಿನ ಚೀಟಿ ಕೊಡಲಾರಂಭಿಸಿದ್ದು 2011ರ ನಂತರ. ವಾರ್ಡುಗಳ ಒಣ ಕಸ ಕೇಂದ್ರಗಳಲ್ಲಿ ಹಲವನ್ನು ಈಗ ಅವರೇ ನಡೆಸುತ್ತಿದ್ದಾರೆ, ಮತ್ತು ಅಲ್ಲಿಗೆ ಬರುವ ಕಾಗದ ಒಣಗಿದ್ದರೆ ಮಾತ್ರ ಅವರಿಗೆ ಬೆಲೆ ಸಿಗುತ್ತದೆ.