ಹೊರೆಯ ಲೆಕ್ಕ

ದೂರದ ಊರಿಗೆ ಕಾಲ್ನಡೆಯಲ್ಲಿ ಹೊರಡುತ್ತಿದ್ದ ನಮ್ಮ ಹಿರಿಯರಿಗೆ ಒಂದು ತೊಡಕಿತ್ತು. ಬುತ್ತಿ ಹೆಚ್ಚಾದರೆ ಹೆಗಲು ಸೋಲುತ್ತದೆ. ಕಡಿಮೆಯಾದರೆ ಹೊಟ್ಟೆ ಸೋಲುತ್ತದೆ. ಸಣ್ಣ ವಿಮಾನವನ್ನು ನಡೆಸುವವನ ತೊಡಕೂ ಇದೇ. ಅವನ ಬುತ್ತಿ ಪೆಟ್ರೋಲು. ವಿಮಾನವು ಸುರಕ್ಷಿತವಾಗಿ ನೆಲ ಬಿಟ್ಟು ಏಳಬಲ್ಲ ಒಟ್ಟು ತೂಕ ಇಂತಿಷ್ಟೆಂದು ಗೊತ್ತಾಗಿರುತ್ತದೆ. ಅದರಿಂದ ಬರಿಯ ವಿಮಾನದ ತೂಕವನ್ನು ಕಳೆದರೆ ಉಳಿಯುವುದೇ ಉಪಯುಕ್ತ ಭಾರ. ಚಾಲಕ, ಜೊತೆಗಾರರು, ಪೆಟ್ಟಿಗೆ, ಪೆಟ್ರೋಲು ಎಲ್ಲವೂ ಆ ಉಳಿಕೆಯೊಳಗೇ ಹಿಡಿಯಬೇಕು. ಪೆಟ್ರೋಲು ಅಮೆರಿಕದ ಒಂದು ಗ್ಯಾಲನ್ನಿಗೆ ಸುಮಾರು 6 ಪೌಂಡು ತೂಗುತ್ತದೆ. ಶಾಲೆಯ ಹುಡುಗನೂ ಮಾಡಬಹುದಾದ ಲೆಕ್ಕ. ಆದರೆ 1926-27ರಲ್ಲಿ ಈ ಲೆಕ್ಕಕ್ಕೆ ಹಲವರು ಪ್ರಾಣವನ್ನೇ ತೆತ್ತರು.

ನ್ಯೂಯಾರ್ಕಿನ ಹೋಟೆಲೊಂದರ ಒಡೆಯ ರೇಮಂಡ್ ಓರ್ಟೀಗ್, ಆ ನಗರಕ್ಕೂ ಪ್ಯಾರಿಸ್ಸಿಗೂ ನಡುವೆ ಎಲ್ಲಿಯೂ ಇಳಿಯದೆ ಹಾರಿದವರಿಗೆ 25,000 ಡಾಲರುಗಳ ಬಹುಮಾನವನ್ನು 1919ರಲ್ಲಿ ಘೋಷಿಸಿದ್ದನು. 1926ರ ಸೆಪ್ಟೆಂಬರ್ 21ರಂದು ಫ್ರಾನ್ಸಿನ ಹೆಸರಾಂತ ಯುದ್ಧವೀರ ರೆನೆ ಫಾಂಕ್ ಮೂರು ಎಂಜಿನ್ನುಗಳ ದೊಡ್ಡ ವಿಮಾನದಲ್ಲಿ ನಾಲ್ವರಾಗಿ ಹೊರಟನು. ಒಳಗೆ ಮಲಗಲು ಹಾಸಿಗೆಯ ಏರ್ಪಾಟೂ ಇತ್ತಂತೆ! ಅತಿಭಾರದ ಆ ವಿಮಾನ ನೆಲವನ್ನು ಬಿಡಲೇ ಇಲ್ಲ. ಓಟದ ಹಾದಿಯ ಕೊನೆಯಲ್ಲಿ ಉರುಳಿ ಉರಿದುಹೋಯಿತು. ಇಬ್ಬರು ಸತ್ತರು. ಮರುವರ್ಷ ಏಪ್ರಿಲ್ 26ರಂದು ಡೇವಿಸ್ ಮತ್ತು ವೂಸ್ಟರ್ ಎಂಬ ಅಮೆರಿಕದ ನೌಕಾಧಿಕಾರಿಗಳು ಭಾರೀ ಹೊರೆಯೊಡನೆ ಪರೀಕ್ಷೆಗೆಂದು ಏರಿ, ಮೇಲೇರಲಾರದೆ ಜವುಗಿನಲ್ಲಿ ಬಿದ್ದು ತೀರಿಕೊಂಡರು. ಮೇ 8ರಂದು ಪ್ಯಾರಿಸ್ಸಿನಿಂದ ಹೊರಟ ನಂಜೆಸೆರ್ ಮತ್ತು ಕೋಲಿ ಹಿಂದಿರುಗಲಿಲ್ಲ.

ಈ ಸಾಲಿನಲ್ಲಿ ಮುಂದಿನವನು ಇಪ್ಪತ್ತೈದು ವಯಸ್ಸಿನ, ಅಂಚೆ ಸಾಗಿಸುತ್ತಿದ್ದ ಚಾಲಕ ಚಾರ್ಲ್ಸ್ ಲಿಂಡ್‌ಬರ್ಗ್. ಅವನ ಹೆಚ್ಚಳವೆಲ್ಲ ಧೈರ್ಯದ್ದೆಂದು ಹೊಗಳುವವರುಂಟು. ಧೈರ್ಯ ಫಾಂಕನಿಗೇನೂ ಕಡಿಮೆಯಿರಲಿಲ್ಲ. ಲಿಂಡ್‌ಬರ್ಗನ ನಿಜವಾದ ಗುಣ, ನನ್ನ ಎಣಿಕೆಯಲ್ಲಿ, ಅವನ ಜಿಪುಣತನ. ಮೂರು ಎಂಜಿನ್ನು ಬೇಡ, ಒಂದು ಸಾಕು. ಇಬ್ಬರು ಬೇಡ, ಒಬ್ಬನೇ ಸಾಕು ಎಂದನು. ಸುಮಾರು 170 ಪೌಂಡಿನ ಜೊತೆಗಾರನನ್ನು ಬಿಟ್ಟರೆ 28 ಗ್ಯಾಲನ್ ಪೆಟ್ರೋಲಿಗೆ ಎಡೆಯಾಗುತ್ತದೆ. ಅಂದರೆ ಎರಡೂವರೆ ಗಂಟೆಯ ಹಾರಾಟ. ರೇಡಿಯೋ ಇಲ್ಲ, ಪ್ಯಾರಾಶೂಟ್ ಇಲ್ಲ. ಕುಳಿತುಕೊಳ್ಳಲು ಬೆತ್ತದ ಕುರ್ಚಿ. ನಕಾಶೆಗಳ ಅಂಚನ್ನೂ ಕತ್ತರಿಸಿ ಎಸೆದನು. ಆದರೂ 10 ಪೌಂಡಿನ ಒಂದು ರಬ್ಬರ್ ತೆಪ್ಪವನ್ನು ಮಾತ್ರ ಇಟ್ಟುಕೊಂಡನು. ಕಡಲ ನಡುವೆ ಪ್ಯಾರಾಶೂಟು ಏತಕ್ಕೆ ಬಂದೀತು?

ಡೊನಾಲ್ಡ್ ಹಾಲ್ ರೂಪಿಸಿದ ಆ ವಿಮಾನ ಸ್ಯಾನ್ ಡಿಯೇಗೋದಲ್ಲಿ ಎರಡು ತಿಂಗಳಲ್ಲಿ ಸಿದ್ಧವಾಯಿತು. ಬರಿಯ ತೂಕ 2,150 ಪೌಂಡು. ತುಂಬಿದ ಪೆಟ್ರೋಲು 450 ಗ್ಯಾಲನ್, ಎಂದರೆ 2,700 ಪೌಂಡು. ಹೊರುವುದಕ್ಕಿಂತ ಹೊರೆಯೇ ಭಾರ! ನಮ್ಮ ಗಾಡಿಯವನು ಹೇರು ಕಟ್ಟುವಾಗ ಮುಂಭಾರ ಹಿಂಭಾರಗಳನ್ನು ನೋಡುವುದಿಲ್ಲವೇ? ವಿಮಾನದಲ್ಲಿ ಅದು ಇನ್ನೂ ಮುಖ್ಯ. ಪೆಟ್ರೋಲು ಕರಗುತ್ತ ಹೋದಂತೆಲ್ಲ ಸಮತೋಲ ಕೆಡಬಾರದು. ದೊಡ್ಡ ತೊಟ್ಟಿಯನ್ನು ಎಂಜಿನ್ನಿಗೂ ಚಾಲಕನಿಗೂ ನಡುವೆ ಇರಿಸಿದರು. ಬಿದ್ದರೆ ಎರಡರ ನಡುವೆ ಸಿಕ್ಕಿ ಜಜ್ಜಿಹೋಗುವುದು ಲಿಂಡ್‌ಬರ್ಗನಿಗೆ ಬೇಡವಾಗಿತ್ತು. ಇದರ ಫಲವಾಗಿ ಎದುರಿನ ದಾರಿ ಅವನಿಗೆ ಕಾಣದಾಯಿತು. ಪಕ್ಕದ ಕಿಟಕಿ ಮತ್ತು ಒಂದು ಪೆರಿಸ್ಕೋಪೇ ಅವನ ಕಣ್ಣು.

ಪರೀಕ್ಷೆಯಲ್ಲಿ ಹೊರೆಯನ್ನು ಹಂತಹಂತವಾಗಿ ಏರಿಸಿ 300 ಗ್ಯಾಲನ್ನಿಗೆ ನಿಲ್ಲಿಸಿದನು. ಕಲ್ಲುನೆಲದಲ್ಲಿ ಗಾಲಿಗಳು ಒಡೆದರೆ ಎಲ್ಲವೂ ಮುಗಿದಂತೆ. ಉಳಿದ 150 ಗ್ಯಾಲನ್ನಿನ ಮಾತು ಕಾಗದದ ಮೇಲಿನ ಗಣಿತವಾಗಿಯೇ ಉಳಿಯಿತು.

1927ರ ಮೇ 20ರ ಬೆಳಗ್ಗೆ 7 ಗಂಟೆ 52 ನಿಮಿಷ. ಫಾಂಕನ ವಿಮಾನ ಉರಿದ ಅದೇ ರೂಸ್‌ವೆಲ್ಟ್ ಮೈದಾನ; ಮಳೆಯಿಂದ ಕೆಸರಾದ ನೆಲ. ಜನ ರೆಕ್ಕೆಯ ಊರುಗಂಬಗಳನ್ನು ಹಿಡಿದು ನೂಕಿದರು. ವಿಮಾನ ಎದ್ದಿತು, ಮತ್ತೆ ನೆಲ ಮುಟ್ಟಿತು, ಮತ್ತೆ ಎದ್ದಿತು. ಕೊನೆಯಲ್ಲಿದ್ದ ಟೆಲಿಫೋನ್ ತಂತಿಗಳನ್ನು ಸುಮಾರು 20 ಅಡಿಗಳ ಅಂತರದಲ್ಲಿ ದಾಟಿತು. ಮುಂದೆ ಪ್ರತಿ ಗಂಟೆಗೂ ಸುಮಾರು 65 ಪೌಂಡಿನಂತೆ ಅದು ಹಗುರಾಗುತ್ತ ನಡೆಯಿತು. ಮೂವತ್ತಮೂರೂವರೆ ಗಂಟೆಗಳ ತರುವಾಯ ಪ್ಯಾರಿಸ್ಸಿನಲ್ಲಿ ಇಳಿದಾಗ ತೊಟ್ಟಿಗಳಲ್ಲಿ ಇನ್ನೂ 85 ಗ್ಯಾಲನ್ ಉಳಿದಿತ್ತು. ಕೊಂಡೊಯ್ದಿದ್ದ ಐದು ಸ್ಯಾಂಡ್‌ವಿಚ್ಚುಗಳಲ್ಲಿ ಹೆಚ್ಚಿನವೂ ಉಳಿದಿದ್ದವು.

ನಮ್ಮ ನಾಡಿನ ವಿಮಾನಚರಿತ್ರೆಯಲ್ಲಿಯೂ ಈ ಲೆಕ್ಕಕ್ಕೆ ಒಂದು ಎಡೆಯಿದೆ, ಆದರೆ ಅಲ್ಲಿ ಅದು ತಿರುವುಮುರುವಾಗಿದೆ. 1932ರ ಅಕ್ಟೋಬರಿನಲ್ಲಿ ಜೆ. ಆರ್. ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಅಂಚೆ ತಂದರು. ಇಲ್ಲಿ ಬೆಲೆಯುಳ್ಳದ್ದು ಕಾಗದದ ಚೀಲ. ಪೆಟ್ರೋಲು ಅದಕ್ಕೆ ಎಡೆ ಬಿಟ್ಟುಕೊಡಬೇಕು. ಆದುದರಿಂದ ದಾರಿಯನ್ನು ತುಂಡುತುಂಡು ಮಾಡಿ ನಡುನಡುವೆ ಇಳಿದು ತುಂಬಿಕೊಳ್ಳುವುದೇ ಲೇಸು. ಅಹಮದಾಬಾದಿನಲ್ಲಿ ಆ ಪೆಟ್ರೋಲು ಡಬ್ಬಿಗಳಲ್ಲಿ, ಎತ್ತಿನ ಗಾಡಿಯ ಮೇಲೆ ಬಂದಿತು. ಮುಂಬಯಿಯಿಂದ ಮುಂದಕ್ಕೆ ನೆವಿಲ್ ವಿನ್ಸೆಂಟ್ ಅಂಚೆಯನ್ನು ಮದರಾಸಿಗೆ ಒಯ್ದನು. ಅವನು ನಡುವೆ ಇಳಿದ ಊರು ನಮ್ಮ ಬಳ್ಳಾರಿ.