ಕರಾರು ಇತ್ತು, ಕಟ್ಟಡಕ್ಕೆ ಪರವಾನಗಿ ಇರಲಿಲ್ಲ

ಮುಂಬಯಿಯ ಚಾಳುಗಳಲ್ಲಿ ಇಕ್ಕಟ್ಟಾದ ಸಂಸಾರಗಳು ಲೋಕಲ್ ರೈಲಿನ ಹಳಿ ಹಿಡಿದು ಠಾಣೆ, ಡೊಂಬಿವಲಿ, ಕಲ್ಯಾಣದತ್ತ ಸರಿದವು. ಅವರಲ್ಲಿ ಕನ್ನಡಿಗರೂ ಇದ್ದರು. ಬಿಲ್ಡರನ ಬಾಯಿಮಾತು, ಕೈಯಲ್ಲೊಂದು ರಸೀದಿ. ಇಷ್ಟರ ಮೇಲೆ ದುಡ್ಡು ಕಟ್ಟಿ ಕೈಸುಟ್ಟುಕೊಂಡವರು ಹೆಚ್ಚಿದಾಗ ಮಹಾರಾಷ್ಟ್ರ ಸರ್ಕಾರ 1963ರಲ್ಲಿ ಫ್ಲ್ಯಾಟ್ ಮಾಲೀಕತ್ವದ ಕಾಯ್ದೆ ತಂದಿತು. ಬೆಲೆಯ ಶೇ. 20ಕ್ಕಿಂತ ಹೆಚ್ಚು ಮುಂಗಡ ಪಡೆಯಬೇಕಾದರೆ ಮೊದಲು ಲಿಖಿತ ಕರಾರು ಆಗಬೇಕು, ಅದು ನೋಂದಣಿಯಾಗಬೇಕು. ಜಾಗದ ಹಕ್ಕುಪತ್ರ, ಮಂಜೂರಾದ ನಕ್ಷೆ ತೋರಿಸಬೇಕು. 2016ರ ರೇರಾ ಕಾಯ್ದೆ ಮುಂಗಡದ ಮಿತಿಯನ್ನು ಶೇ. 10ಕ್ಕೆ ಇಳಿಸಿತು.

ಖಾಡಿಯಾಚೆಯ ನವಿ ಮುಂಬಯಿಯ ಲೆಕ್ಕವೇ ಬೇರೆ. 1970ರಲ್ಲಿ ಹುಟ್ಟಿದ ಸಿಡ್ಕೊ ಅಲ್ಲಿ ನೆಲವನ್ನು ಮಾರಲಿಲ್ಲ, 60 ವರ್ಷದ ಲೀಸಿಗೆ ಕೊಟ್ಟಿತು. ಅಂಥ ನೆಲದ ಮನೆ ಕೈ ಬದಲಾಗಲು ಸಿಡ್ಕೊ ಒಪ್ಪಿಗೆ ಬೇಕು, ವರ್ಗಾವಣೆ ಶುಲ್ಕ ಕಟ್ಟಬೇಕು. ಚೌಕಾಸಿಯಲ್ಲಿ ಬೆಲೆಯಷ್ಟೇ ಮಾತಾಡಿ, ಆ ಶುಲ್ಕ ಯಾರದ್ದೆಂದು ಬರೆಸಿಕೊಳ್ಳದವರು ಕೊನೆಗೆ ಪರದಾಡುತ್ತಾರೆ.

ಇಷ್ಟೆಲ್ಲ ಕಾಗದ ಸರಿಯಿದ್ದರೂ ಸಾಲದು ಎಂಬುದು ಗೊತ್ತಾದದ್ದು ಕಲ್ಯಾಣ-ಡೊಂಬಿವಲಿಯಲ್ಲಿ. ಮಹಾನಗರಪಾಲಿಕೆಯ ನಕಲಿ ಅನುಮತಿಪತ್ರ ತೋರಿಸಿ ರೇರಾ ನಂಬರ್ ಪಡೆದಿದ್ದ 65 ಕಟ್ಟಡಗಳನ್ನು ಕೆಡವಲು ಬಾಂಬೆ ಹೈಕೋರ್ಟ್ 2024ರ ನವೆಂಬರಿನಲ್ಲಿ ಆದೇಶಿಸಿತು. ಮನೆ ಕೊಂಡವರು ಸ್ಟ್ಯಾಂಪ್ ಡ್ಯೂಟಿ ಕಟ್ಟಿದ್ದರು, ಕರಾರು ನೋಂದಾಯಿಸಿದ್ದರು. ಆದರೆ ಕರಾರನ್ನು ಯಾರು ಯಾರಿಗೆ ಬರೆದುಕೊಟ್ಟರು ಎಂಬುದಕ್ಕಷ್ಟೇ ನೋಂದಣಿ ಸಾಕ್ಷಿ. ಕಟ್ಟಡದ ಪರವಾನಗಿ ಅಸಲಿಯೇ ಎಂದು ಅದು ಹೇಳುವುದಿಲ್ಲ. ಅದನ್ನು ಪಾಲಿಕೆಯ ನಗರರಚನಾ ವಿಭಾಗದಲ್ಲೇ ಹೋಗಿ ಕೇಳಬೇಕು, ಅದೂ ಟೋಕನ್ ಕೊಡುವ ಮೊದಲು. ನೆಲಸಮದ ಆದೇಶ ಬಂದರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ.